ಅದು ಗೊಂಬೆಯಲ್ಲ

ನನ್ನ ತಂಗಿ ಆ ಗೋಡೆಯ ಮೇಲಿಂದ ಬಿದ್ದದ್ದು ಸುಳ್ಳು ಎನ್ನುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೇರೆ ಏನು ಬೇಕಾದರೂ ಅನ್ನಲಿ. ಆ ಸಿನಿಮಾಕ್ಕೆ ತಲೆಬುಡ ಇಲ್ಲ ಅನ್ನಲಿ, ಹೀರೋನ ಕೂದಲು ಮನೆಯೊಳಗೆ ಗಿಡ್ಡ, ಅಂಗಳಕ್ಕೆ ಬಂದರೆ ಉದ್ದ ಅನ್ನಲಿ, ಚೀನಾದಿಂದ ಬಂದ ಗುರು ಎಂದು ತೋರಿಸಿದ ಮನುಷ್ಯ ನಮ್ಮೂರಿನಲ್ಲಿ ಬಟ್ಟೆ ಹೊಲಿಯುವವನು ಎಂದು ಬಿದ್ದು ಬಿದ್ದು ನಗಲಿ. ನಾನೂ ನಕ್ಕಿದ್ದೇನೆ. ಆದರೆ ಆ ಬಿದ್ದದ್ದನ್ನು ಮಾತ್ರ ಗೊಂಬೆ ಎಂದರೆ ಸುಮ್ಮನಿರಲಾರೆ. ನಾನು ಅಲ್ಲೇ ನಿಂತಿದ್ದೆ. ಕೈಯಲ್ಲಿ ಅವಳ ನೀರಿನ ಬಾಟಲಿ ಹಿಡಿದುಕೊಂಡು ನೋಡುತ್ತಿದ್ದೆ.

ನಮ್ಮ ತವರು ಸನಮಡಿ, ಮಹಾರಾಷ್ಟ್ರದ ಗಡಿಯೊಳಗಿನ ಕನ್ನಡದ ಹಳ್ಳಿ. ನಾನು ಮದುವೆಯಾಗಿ ಜತ್ತಕ್ಕೆ ಬಂದೆ; ನನ್ನ ಗಂಡನದು ಕಿರಾಣಿ ಅಂಗಡಿ. ತಂಗಿ ನನಗಿಂತ ಬಹಳ ಚಿಕ್ಕವಳು. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಾಕುವಾಗ ಅವಳು ಮುಷ್ಟಿಯಲ್ಲಿದ್ದ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ನಿಂತಿದ್ದಳು. ಮುಂದೆ ಕಾಲೇಜಿಗೆಂದು ದಿನವೂ ಎಸ್‌.ಟಿ. ಬಸ್ಸಿನಲ್ಲಿ ಜತ್ತಕ್ಕೆ ಬರತೊಡಗಿದಾಗ, ಒಂದು ಮೈದಾನದಲ್ಲಿ ನಡೆಯುತ್ತಿದ್ದ ಕರಾಟೆ ಕ್ಲಾಸಿಗೆ ಸೇರಿಕೊಂಡಳು. ಕಲಿಸುವವರನ್ನು ಊರೆಲ್ಲ 'ಸರ್' ಎನ್ನುತ್ತಿತ್ತು. ಅವರ ಬೋರ್ಡಿನ ಮೇಲೆ ಕರಾಟೆ, ಕುಂಗ್‌ಫೂ, ಯೋಗ ಮೂರೂ ಇದ್ದವು. ಏನೇ ಹೇಳಲಿ, ಆ ಮನುಷ್ಯನಿಗೆ ಕಲಿಸಲು ಬರುತ್ತಿತ್ತು. ಕೆಲವು ವರ್ಷಗಳಲ್ಲೇ ಸಣ್ಣ ಹುಡುಗಿಯರ ತಂಡವನ್ನು ಅವರು ನನ್ನ ತಂಗಿಗೆ ಒಪ್ಪಿಸಿಬಿಟ್ಟರು. ಅವ್ವ ಮಾತ್ರ ಗೊಣಗುತ್ತಲೇ ಇದ್ದಳು. "ಹೆಣ್ಣಹುಡುಗಿ ಮುಗಿಲಿಗಿ ಕಾಲ ಎತ್ತೂದು ಚಲೋ ಕಾಣಂಗಿಲ್ಲಬೇ" ಎನ್ನುವಳು. ಅಪ್ಪ ಏನೂ ಅನ್ನುತ್ತಿರಲಿಲ್ಲ. ಅಪ್ಪ ಯಾವುದಕ್ಕೂ ಏನೂ ಅನ್ನುವವನಲ್ಲ. ನಮ್ಮ ಮನೆಯ ಮಾತನ್ನೆಲ್ಲ ಆಡುವವನು ಅವನ ತಮ್ಮ, ನಮ್ಮ ಕಾಕಾ.

ಒಂದು ದಿನ ಆ ಸರ್ ಸಿನಿಮಾ ಮಾಡುತ್ತೇನೆಂದು ಹೊರಟರು. ಕುಂಗ್‌ಫೂ ಸಿನಿಮಾ, ಅದೂ ನಮ್ಮ ಸನಮಡಿಯ ಕಲ್ಲುಮರಡಿಯ ಮೇಲೆ. ಕಥೆ ಇಷ್ಟೇ: ಊರಿನ ತಾಲೀಮಿನ ಮನೆಯನ್ನು, ಅಂದರೆ ಗರಡಿಯನ್ನು, ದುಷ್ಟನೊಬ್ಬ ಕಬಳಿಸುತ್ತಾನೆ, ಕುರಿ ಕಾಯುವ ಹುಡುಗ ಚೀನಾದಿಂದ ತಪ್ಪಿಸಿಕೊಂಡು ಬಂದ ಮುದುಕನ ಹತ್ತಿರ ವಿದ್ಯೆ ಕಲಿತು ಅದನ್ನು ಬಿಡಿಸಿಕೊಳ್ಳುತ್ತಾನೆ. ಚೀನಾದ ಮುದುಕ ಸನಮಡಿಗೆ ಯಾಕೆ ಬಂದ ಎಂದು ಕೇಳಬಾರದು. ದುಷ್ಟನ ಬಲಗೈ ಬಂಟಳಾಗಿ ಕಪ್ಪು ಬಟ್ಟೆ ತೊಟ್ಟ ಹೆಂಗಸೊಬ್ಬಳು ಬೇಕಾಗಿತ್ತು. ಅದು ನನ್ನ ತಂಗಿಯ ಪಾಲಿಗೆ ಬಂತು.

ಕಾಕಾ ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆವು. ಸರ್ ಜಾಣರು. ಮನೆಗೆ ಬಂದು ಚಹಾ ಕುಡಿಯುತ್ತಾ, "ನಿಮಗೂ ಒಂದು ಪಾತ್ರ ಇಟ್ಟೀನ್ರಿ. ಊರ ಗೌಡರದು. ರುಮಾಲ, ಮೀಸಿ, ಎಲ್ಲಾ ಐತಿ" ಎಂದರು. ಕಾಕಾ ಅವತ್ತೇ ಒಪ್ಪಿಗೆ ಕೊಟ್ಟ. ಅವ್ವ ಮಾತ್ರ ನಾನು ಜೊತೆಗಿರಬೇಕೆಂದು ಹಟ ಹಿಡಿದಳು. ಹಾಗಾಗಿ ಆ ಬೇಸಿಗೆಯಲ್ಲಿ ನಾನು ಮನೆಯನ್ನು ಅತ್ತೆಗೆ ಬಿಟ್ಟು, ತಲೆಗೆ ಸೆರಗು ಹೊದ್ದು, ಆ ಮರಡಿಯ ಮೇಲೆ ಕುಳಿತು ಕುಂಗ್‌ಫೂ ನೋಡಿದೆ.

ಹೀರೋ ಸಾಂಗಲಿ ಕಡೆಯವನು. ಜಿಮ್‌ನಲ್ಲಿ ಬೆಳೆಸಿದ ತೋಳು, ಎದೆ; ಆದರೆ ಕಾಲೆತ್ತಲು ಬರುತ್ತಿರಲಿಲ್ಲ. ತಂಗಿ ಅವನಿಗಾಗಿ ತನ್ನ ಕೈಗಳನ್ನು ನಿಧಾನ ಮಾಡಿಕೊಳ್ಳಬೇಕಾಗಿತ್ತು. ಆದರೂ ಅವಳ ಹೊಡೆತಗಳೆದುರು ಅವನು ಮತ್ತೆ ಮತ್ತೆ ತಪ್ಪುತ್ತಿದ್ದ. ಸುತ್ತ ನಿಂತ ಹುಡುಗರು ಕಿಸಕ್ಕನೆ ನಗುತ್ತಿದ್ದರು. ಅವನ ಮುಖ ಕೆಂಪಾಗುವುದನ್ನು ನಾನು ನೋಡಿದ್ದೆ. ಆಗಲೇ ಸರ್‌ಗೆ ಹೇಳಬೇಕಾಗಿತ್ತು. ನಾನು ಹೇಳಬೇಕಾಗಿರಲಿಲ್ಲ, ಅವರಿಗೇ ಕಣ್ಣಿತ್ತು.

ಹಳ್ಳದ ದಂಡೆಗೆ ಹಳೆಯ ವಾಡೆಯೊಂದರ ಮುರಿದ ಗೋಡೆ ಇದೆ. ಎರಡಾಳು ಎತ್ತರ. ಅದರ ಮೇಲೆ ಇಬ್ಬರೂ ಸೆಣಸಿ, ಕೊನೆಗೆ ಹೀರೋ ಒದ್ದು ಅವಳನ್ನು ಕೆಡವಬೇಕು. ಕೆಳಗೆ ಜೋಳದ ಕಣಿಕೆಯ ಕಟ್ಟುಗಳನ್ನು ಹಾಸಿ ಮೇಲೆ ಗಾದಿ ಇಟ್ಟಿದ್ದರು. ಸರ್ ಕೈಸನ್ನೆ ಮಾಡಿದ ಮೇಲೆ ಅವನು ಒದೆಯುವಂತೆ ತೋರಿಸಬೇಕು, ಇವಳು ತಾನಾಗಿಯೇ ಹಿಂದಕ್ಕೆ ಹಾರಬೇಕು. ಹಾಗೆಂದು ಮಾತಾಗಿತ್ತು. ಕ್ಯಾಮೆರಾ ಆಗಲೇ ಓಡುತ್ತಿತ್ತು, ಸರ್ ಇನ್ನೂ ಕ್ಯಾಮೆರಾದವನಿಗೆ ಏನೋ ಹೇಳುತ್ತಿದ್ದರು. ತಂಗಿ ಗೋಡೆಯ ಮೇಲೆ ಅಡ್ಡಕ್ಕೆ ನಿಂತು ತನ್ನ ಸೊಂಟದ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು. ಅವನು ಒದ್ದೇಬಿಟ್ಟ. ನಿಜವಾಗಿ ಒದ್ದ, ಪಕ್ಕೆಗೆ.

ಅವಳು ಸೆಟೆದ ಮೈಯಲ್ಲೇ ಉರುಳಿದಳು. ಗಾದಿ ಒಂದು ಕಡೆ ಉಳಿಯಿತು, ಅವಳು ಇನ್ನೊಂದು ಕಡೆ, ಹಳ್ಳದ ಕಲ್ಲಿನ ಮೇಲೆ ಬಿದ್ದಳು. "ಯವ್ವಾ!" ಎಂದು ಕೂಗಿದಳು. ಅಂಥ ಕೂಗನ್ನು ಅವಳ ಬಾಯಿಂದ ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ನಾನು ಬಾಟಲಿ ಎಸೆದು ಓಡಿದೆ. ನನ್ನ ಬೆನ್ನ ಹಿಂದೆ ಸರ್‌ರ ದನಿ ಕೇಳಿಸಿತು: "ಬಂತೇನೋ? ಪೂರ್ತಿ ಬಂತೇನೋ?" ಕ್ಯಾಮೆರಾದವನು ಹೇಳಿದ: "ಬಂತ್ರಿ ಸರ್, ಪೂರ್ತಿ ಬಂತು."

ಎಡಗೈ ಮಣಿಕಟ್ಟಿನ ಮೇಲೆ ಮುರಿದಿತ್ತು. ಗೌಡರ ವೇಷ ಹಾಕಿಕೊಂಡು ತನ್ನ ದೃಶ್ಯಕ್ಕೆ ಕಾಯುತ್ತಿದ್ದ ಕಾಕಾನೇ ತನ್ನ ಜೀಪಿನಲ್ಲಿ ನಮ್ಮನ್ನು ಜತ್ತದ ದವಾಖಾನೆಗೆ ಕರೆದೊಯ್ದ. ದಾರಿಯುದ್ದಕ್ಕೂ, "ಆತಬೇ, ಆತು, ಬಂತು ಜತ್ತ, ಬಂತು" ಎನ್ನುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಅಂಟಿಸಿದ ಮೀಸೆಯ ಒಂದು ತುದಿ ಬಿಟ್ಟು ಜೋಲಾಡುತ್ತಿತ್ತು. ದವಾಖಾನೆಯ ನರ್ಸು ಅವನನ್ನೇ ನೋಡಿದಳು. ಇದನ್ನು ಬರೆಯಲು ಕಾರಣವಿದೆ. ಅವತ್ತಿನ ಕಾಕಾ ನಾಟಕದವನಾಗಿರಲಿಲ್ಲ.

ಕೈ ಕೂಡಿತು, ಆದರೆ ಸ್ವಲ್ಪ ಸೊಟ್ಟಗೆ. ಸಿನಿಮಾ ಮುಗಿಯಿತು.

ಜತ್ತದ ಒಂದು ಮಂಗಲ ಕಾರ್ಯಾಲಯದಲ್ಲಿ ಮಧ್ಯಾಹ್ನ ತೋರಿಸಿದರು. ಕಿಟಕಿಗಳಿಗೆ ಜಮಖಾನೆ ಕಟ್ಟಿ, ಗೋಡೆಗೆ ಬಿಳಿ ಪರದೆ ಬಿಟ್ಟಿದ್ದರು. ಸನಮಡಿಯಿಂದ, ಪಕ್ಕದ ಶೇಗಾಂವದಿಂದ ಜನ ಟೆಂಪೋ ಮಾಡಿಕೊಂಡು ಬಂದಿದ್ದರು. ತಮ್ಮ ಹೊಲ, ತಮ್ಮ ಬಾವಿ, ತಮ್ಮ ಎತ್ತು ಪರದೆಯ ಮೇಲೆ ಬಂದಾಗಲೆಲ್ಲ ಸಿಳ್ಳೆ. ಚೀನಾದ ಗುರು ಬಂದಾಗ ಯಾರೋ ಹಿಂದಿನಿಂದ, "ನನ್ನ ಅಂಗಿ ಯಾವಾಗ ಕೊಡ್ತೀಯೋ ಮಾರಾಯಾ?" ಎಂದು ಕೂಗಿದರು. ಗುರು ಮುಂದಿನ ಸಾಲಿನಲ್ಲಿ ಕುಳಿತಿದ್ದರು, ತಲೆ ತಗ್ಗಿಸಿದರು. ನಾನೂ ನಗುತ್ತಿದ್ದೆ, ಪಕ್ಕದಲ್ಲಿ ತಂಗಿಯೂ ನಗುತ್ತಿದ್ದಳು.

ಆಮೇಲೆ ಗೋಡೆ ಬಂತು.

ಅವಳು ಬಿದ್ದಳು. ಆ 'ಯವ್ವಾ' ಇರಲಿಲ್ಲ. ಅದನ್ನು ತೆಗೆದು ಅಲ್ಲಿ ಯಾರೋ ಗಂಡಸಿನ ದನಿಯಲ್ಲಿ ದೊಡ್ಡ ಹೂಂಕಾರ ಹಾಕಿದ್ದರು, ಮೂಟೆ ನೆಲಕ್ಕೆ ಬಿದ್ದಂಥ ಒಂದು ಸದ್ದನ್ನೂ ಸೇರಿಸಿದ್ದರು. ಸೆಟೆದ ಮೈ, ಆ ಹೂಂಕಾರ, ಆ ಮೂಟೆಯ ಸದ್ದು. ಇಡೀ ಸಭೆ ಗೊಳ್ಳೆಂದು ನಕ್ಕಿತು. ತಂಗಿ ಮುಖ ತಿರುಗಿಸಲಿಲ್ಲ, ಪರದೆಯನ್ನೇ ನೋಡುತ್ತಿದ್ದಳು.

ಸಿನಿಮಾ ಬಿಟ್ಟ ಮೇಲೆ ಹೊರಗೆ ಚಹಾ ಇಟ್ಟಿದ್ದರು. ಎಲ್ಲರ ಬಾಯಲ್ಲೂ ಒಂದೊಂದು ಮಾತು. ಶೇಗಾಂವದ ಕುರುಬರ ಅಜ್ಜ, "ಕುರಿ ಓಡೂದು ಭಾಳ ಚಂದ ತಗದಾರ. ಉಳದದ್ದು ನನಗ ತಿಳೀಲಿಲ್ಲ" ಎಂದ. ಇಷ್ಟೊಂದು ಕನ್ನಡ ಯಾಕೆ ಎಂದು ಒಬ್ಬರು ಮರಾಠಿಯಲ್ಲಿ ಮುನಿಸಿಕೊಂಡರೆ, ಇಷ್ಟೊಂದು ಮರಾಠಿ ಯಾಕೆ ಎಂದು ಇನ್ನೊಬ್ಬರು ಕನ್ನಡದಲ್ಲಿ ಮುನಿಸಿಕೊಂಡರು. ಒಬ್ಬ ಹೆಂಗಸು ನನ್ನ ಮುಖಕ್ಕೇ ಹೇಳಿದಳು: "ನಿನ್ನ ತಂಗಿ ಮೈಗಿ ಹತ್ತಿದ ಆ ಕರೀ ಅರಿವಿ ನೋಡಾಕ ಆಗಲಿಲ್ಲಬೇ." ಒಬ್ಬ ಕಾಲೇಜು ಹುಡುಗಿ ಮಾತ್ರ, "ಆಕಿ ಗೆಲ್ಲಬೇಕಾಗಿತ್ತು. ಹೀರೋಗ ಏನೂ ಬರಂಗಿಲ್ಲ" ಎಂದಳು. ಅವಳಿಗೆ ನಾನು ಇನ್ನೊಂದು ಕಪ್ ಚಹಾ ತಂದುಕೊಟ್ಟೆ.

ನಮ್ಮ ಅಂಗಡಿಗೆ ಸಾಮಾನಿಗೆ ಬರುವ ಒಬ್ಬ ಗಿರಾಕಿ ನಾಲ್ಕು ಜನರನ್ನು ಸುತ್ತ ನಿಲ್ಲಿಸಿಕೊಂಡು ಹೇಳುತ್ತಿದ್ದ: "ಗ್ವಾಡಿ ಮ್ಯಾಲಿಂದ ಬಿದ್ದದ್ದು ನೋಡಿದಿರಿಲ್ಲೋ? ಅದು ಗೊಂಬಿ. ಒಳಗ ಹುಲ್ಲ ತುಂಬ್ತಾರ."

"ಗೊಂಬಿ ಅಲ್ಲರಿ. ನನ್ನ ತಂಗಿ ಖರೇನ ಬಿದ್ದಾಳ. ಕೈ ಮುರಕೊಂಡಾಳ," ಎಂದೆ.

ಅವನು ನಕ್ಕ. "ನಿಮ್ಮ ತಂಗಿ ಚಲೋ ಮಾಡ್ಯಾಳ್ರಿ ಅಕ್ಕಾರ, ಇಲ್ಲ ಅನ್ನಂಗಿಲ್ಲ. ಆದ್ರ ಬೀಳೂದು ಗೊಂಬಿ. ನಾ ಭಾಳ ಸಿನಿಮಾ ನೋಡೀನಿ, ನನಗ ತಿಳೀತೈತಿ."

ಅವನಿಗೆ ತಿಳಿಯುತ್ತದಂತೆ! ಮುರಿದ ಕೈಯನ್ನು ಮಡಿಲಲ್ಲಿ ಹಿಡಿದು ಕುಳಿತವಳು ನಾನು, ತಿಳಿಯುವುದು ಅವನಿಗೆ. ಮುಂದೆ ಅವನು ಅಂಗಡಿಗೆ ಬಂದಾಗ ನಾನು ಒಳಗೆ ಹೋಗಿಬಿಡುತ್ತಿದ್ದೆ. "ಗಿರಾಕಿ ಮ್ಯಾಲೆ ಸಿಟ್ಟ ಮಾಡಿದ್ರ ಹ್ಯಾಂಗ?" ಎಂದು ಗಂಡ ಬೈಯುತ್ತಿದ್ದ.

ಆಮೇಲೆ ಸಿನಿಮಾ ಫೋನಿಗೆ ಬಂತು. ಯಾರೂ ನೋಡುತ್ತಿರಲಿಲ್ಲ, ಅಲ್ಲಿಗೇ ಮರೆತುಹೋಗುತ್ತಿತ್ತು. ಆದರೆ ಎಲ್ಲೋ ದೂರದ ಪಟ್ಟಣದ ಹುಡುಗನೊಬ್ಬನಿಗೆ ಅದು ಸಿಕ್ಕಿತು. ಕೆಟ್ಟ ಸಿನಿಮಾಗಳನ್ನು ಹುಡುಕಿ ಹುಡುಕಿ ಗೇಲಿ ಮಾಡಿ ವಿಡಿಯೋ ಹಾಕುವುದೇ ಅವನ ಕೆಲಸ. ನಮ್ಮ ಮಾತನ್ನು ಆಡಿ ತೋರಿಸಿದ, ನಮ್ಮ ಮರಡಿಯನ್ನು ಆಡಿಕೊಂಡ. ಗೋಡೆಯ ದೃಶ್ಯಕ್ಕೆ ಬಂದಾಗ ಅದನ್ನು ನಿಧಾನ ಮಾಡಿ ಮತ್ತೆ ಮತ್ತೆ ತೋರಿಸಿದ. "ಫ್ರೆಂಡ್ಸ್, ಜೀವ ಇರೋ ಮನುಷ್ಯ ಬೀಳ್ವಾಗ ಕೈ ಮಡಚ್ತಾನೆ. ಇದು ನೋಡಿ, ಮರದ ಹಲಗೆ!" ನನ್ನ ತಂಗಿ ಬಿದ್ದಳು, ಮೇಲೆ ಹೋದಳು, ಬಿದ್ದಳು, ಮೇಲೆ ಹೋದಳು. ಹಿನ್ನೆಲೆಯಲ್ಲಿ ಆ ಹುಡುಗನ ನಗು.

ಸಿನಿಮಾ ನೋಡದವರೆಲ್ಲ ಅದನ್ನು ನೋಡಿದರು. ಕೆಳಗೆ ಬರೆದವರು ಒಬ್ಬರೇ ಇಬ್ಬರೇ? ಗೊಂಬೆಗೆ ಪ್ರಶಸ್ತಿ ಕೊಡಿ ಎಂದು ಒಬ್ಬ. ಗೊಂಬೆಯೇ ಹೀರೋಗಿಂತ ಚೆನ್ನಾಗಿ ನಟಿಸಿದೆ ಎಂದು ಇನ್ನೊಬ್ಬ. ಯಾರೋ ಪುಣ್ಯಾತ್ಮ ಮಾತ್ರ, 'ಆ ಕೈ ನೋಡ್ರಪ್ಪಾ, ನಿಜವಾಗಿ ಪೆಟ್ಟಾದಂಗಿದೆ' ಎಂದು ಬರೆದಿದ್ದ. ಉಳಿದವರು ಅವನನ್ನು ಹರಿದು ತಿಂದಿದ್ದರು. ನಾನು ಅಡುಗೆಮನೆಯಲ್ಲಿ ನಿಂತುಕೊಂಡು, ಹಿಟ್ಟಿನ ಕೈ ಒರೆಸಿಕೊಂಡು ಬರೆದೆ: ಅವಳು ನನ್ನ ತಂಗಿ, ಅವಳ ಕೈ ಮುರಿದಿದೆ, ನಾನು ಕಣ್ಣಾರೆ ನೋಡಿದ್ದೇನೆ, ನಗುವ ಮುಂಚೆ ವಿಚಾರಿಸಿ. ಉತ್ತರ ಬಂತು: 'ಆಂಟಿ, ನೀವು ಗೊಂಬೆಯ ಅಕ್ಕನಾ?' ಅದರ ಕೆಳಗೆ ಸಾಲು ಸಾಲು ನಗುವ ಮುಖಗಳು. ಆ ಹೊತ್ತು ಒಲೆಯ ಮೇಲಿದ್ದ ರೊಟ್ಟಿ ಕರಕಾಯಿತು. ಫೋನನ್ನು ಒಲೆಗೆ ಹಾಕಬೇಕೆನಿಸಿತು.

ಮರುದಿನ ಬೆಳಿಗ್ಗೆ ನೇರ ಮೈದಾನಕ್ಕೆ ಹೋದೆ. ಸರ್ ಹುಡುಗರನ್ನು ಓಡಲು ಬಿಟ್ಟು ನಿಂತಿದ್ದರು.

"ಬರ್ರಿ ಅಕ್ಕಾರ, ಕುಂದ್ರಿ," ಎಂದು ಕುರ್ಚಿ ಎಳೆದರು.

"ಕುಂದ್ರಾಕ ಬಂದಿಲ್ಲರಿ. ಆಕಿ ದನಿ ಯಾಕ ತಗದಿರಿ ಹೇಳ್ರಿ."

ಮೊದಲು ಅರ್ಥವಾಗದವರಂತೆ ನೋಡಿದರು. ಆಮೇಲೆ, "ದುಷ್ಟನ ಕಡಿ ಹೆಣ್ಣಮಗಳು 'ಯವ್ವಾ' ಅಂದ್ರ ಹ್ಯಾಂಗ್ರಿ? ಮಂದಿಗಿ ಪಾಪ ಅನಸ್ತೈತಿ. ಹೀರೋ ಮ್ಯಾಲೆ ಸಿಟ್ಟ ಬರ್ತೈತಿ," ಎಂದರು.

"ಬರಲಿ! ಬರಬೇಕಾದ್ದ ಅದು. ಅಂವ ಖರೇನ ಒದ್ದಾನ."

"ಸಣ್ಣಗ ಮಾತಾಡ್ರಿ ಅಕ್ಕಾರ, ಹುಡುಗರ ಅದಾವ."

"ಎಲ್ಲಾರೂ ಗೊಂಬಿ ಅನ್ನಾಕ ಹತ್ತ್ಯಾರ. ನೀವ ಒಂದ ಮಾತ ಹೇಳ್ರಿ, ಇಲ್ಲಪಾ, ಆ ಹುಡುಗಿ ಬಿದ್ದಾಳ, ಕೈ ಮುರಕೊಂಡಾಳ ಅಂತ. ಇಷ್ಟ ಹೇಳ್ರಿ, ಸಾಕು."

ಸರ್ ಓಡುತ್ತಿದ್ದ ಹುಡುಗರ ಕಡೆ ನೋಡಿದರು. "ಖರೇ ಬಿದ್ದಾಳ ಅಂತ ಗೊತ್ತಾದ್ರ ನಾಳಿ ಯಾವ ತಂದಿತಾಯಿ ತಮ್ಮ ಹುಡುಗ್ಯಾರನ್ನ ನನ್ನ ಕ್ಲಾಸಿಗಿ ಕಳಸ್ತಾರ? ಗೊಂಬಿ ಅಂದ್ರ ಯಾರಿಗೂ ತ್ರಾಸಿಲ್ಲ. ನಿಮ್ಮ ಕಾಕಾರನ್ನೂ ಕೇಳೀನಿ. ಅವರೂ ಹಂಗ ಇರಲಿ ಅಂದಾರ."

ನಾನು ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯಲಾರೆ. ಓಡುತ್ತಿದ್ದ ಹುಡುಗರು ನಿಂತು ನೋಡಿದರು. ಮನೆಗೆ ಬರುವಷ್ಟರಲ್ಲಿ ಗಂಡನಿಗೆ ಸುದ್ದಿ ಮುಟ್ಟಿತ್ತು. ಅವನು ಒಂದು ಲೋಟ ನೀರು ಕೊಟ್ಟ.

ಕಾಕಾ ಯಾಕೆ 'ಹಂಗ ಇರಲಿ' ಎಂದನೆಂದು ತಿಳಿಯಲು ತಡವಾಗಲಿಲ್ಲ. ಅವನು ತಂಗಿಗೆ ವರ ನೋಡುತ್ತಿದ್ದ. ವಿಜಯಪುರದ ಕಡೆಯ ವ್ಯಾಪಾರಸ್ಥರ ಮನೆತನ, ನಮ್ಮವರೇ. ಹುಡುಗ, ಅವನ ತಂದೆ, ಹಿರಿಯ ಸೋದರತ್ತೆ ಒಂದು ಭಾನುವಾರ ಸನಮಡಿಗೆ ಬಂದರು. ನಾನೂ ಹೋಗಿದ್ದೆ. ಅವಲಕ್ಕಿ, ಚಹಾ ಆಯಿತು. ತಂಗಿ ಚಾಪೆಯ ಮೇಲೆ ಕುಳಿತಿದ್ದಳು. ಅವ್ವ ಅವಳಿಗೆ ಉದ್ದ ತೋಳಿನ ಕುಪ್ಪಸ ತೊಡಿಸಿದ್ದಳು.

ಆ ಸೋದರತ್ತೆಯೇ ಮಾತು ತೆಗೆದಳು. "ಹುಡುಗಿ ಸಿನಿಮಾದಾಗ ಮಾಡ್ಯಾಳಂತ. ನಮ್ಮ ಹುಡುಗರು ಫೋನಿನ್ಯಾಗ ತೋರಿಸಿದ್ರು. ಇರಲಿ, ಕಾಲ ಬದಲಾಗೈತಿ. ಆದ್ರ ಆ ಗ್ವಾಡಿ ಮ್ಯಾಲಿಂದ ಬೀಳ್ತಾಳಲ್ಲ, ಅದು ಖರೇನೋ ಏನು? ಖರೇ ಇದ್ರ ಒಳಗ ಏನರ ಪೆಟ್ಟಾಗಿರ್ತೈತಿ. ನಾಳಿ ಬಸರು ಬಾಣಂತನ ಅಂತ ಇರ್ತಾವ ನೋಡ್ರಿ."

"ಅದು ಗೊಂಬಿರಿ!" ಎಂದ ಕಾಕಾ. ನಗುತ್ತಾ, ತೊಡೆ ತಟ್ಟಿಕೊಂಡು. "ಹುಲ್ಲಿನ ಗೊಂಬಿ. ನಾನ ನಿಂತು ತುಂಬಿಸೀನಿ. ಮಂದಿ ಎಲ್ಲಾ ಅದನ್ನ ಹೇಳಾಕ ಹತ್ತ್ಯಾರಲ್ಲರಿ, ನೋಡಿಲ್ಲೇನು?"

ಆ ಪಟ್ಟಣದ ಹುಡುಗನ ಗೇಲಿಯನ್ನು ನಮ್ಮ ಕಾಕಾ ಸಾಕ್ಷಿಗೆ ತಂದ! ಅವತ್ತು ಜೀಪಿನಲ್ಲಿ ಕಣ್ಣೀರು ಹಾಕಿದವನು ಇವನೇ. ನಾನು ಅಪ್ಪನ ಮುಖ ನೋಡಿದೆ. ಅಪ್ಪ ಅವಲಕ್ಕಿಯ ತಾಟಿನ ಅಂಚನ್ನು ಬೆರಳಿನಿಂದ ಉಜ್ಜುತ್ತಿದ್ದ. ಅವ್ವ ಬಾಗಿಲ ಸಂದಿಯಲ್ಲಿ ನಿಂತು, ಸುಮ್ಮನಿರು ಎಂದು ನನಗೆ ಕಣ್ಣು ಮಾಡಿದಳು. ಅದೇ ನನ್ನನ್ನು ಕೆರಳಿಸಿದ್ದು.

"ಗೊಂಬಿ ಅಲ್ಲ," ಎಂದೆ. "ಆಕಿನ ಬಿದ್ದದ್ದು. ಕೈ ಮುರದೈತಿ. ಕಾಕಾನ ದವಾಖಾನಿಗಿ ಒಯ್ದದ್ದು. ಮೀಸಿ ಹಚಕೊಂಡ ಗಾಡಿ ಹೊಡದ್ರಿ, ಮರತ್ರೇನು?"

ಹುಡುಗ ಫೋನನ್ನು ಜೇಬಿಗೆ ಹಾಕಿದ. ಸೋದರತ್ತೆ ತಂಗಿಯ ಕಡೆ ಬಾಗಿ, "ಹಂಗಾರ ಕೈ ಸೊಟ್ಟ ಐತೇನು?" ಎಂದು ಕೇಳಿದಳು. ತಂಗಿ ಎದ್ದು ಹತ್ತಿರ ಹೋಗಿ, ಕುಪ್ಪಸದ ತೋಳನ್ನು ಮೇಲಕ್ಕೆ ಸರಿಸಿ ಕೈ ಚಾಚಿದಳು. ಆ ಹೆಂಗಸು ಅದನ್ನು ಹಿಡಿದು, ತಿರುಗಿಸಿ, ಒತ್ತಿ, ಸಂತೆಯಲ್ಲಿ ಬದನೆಕಾಯಿ ನೋಡಿದಂತೆ ನೋಡಿದಳು. ಫೋನ್ ಮಾಡುತ್ತೇವೆಂದು ಹೇಳಿ ಹೋದರು.

ಅವರ ಕಾರು ತಿರುವು ದಾಟುವವರೆಗೂ ಕಾಕಾ ತಡೆದುಕೊಂಡಿದ್ದ. ಆಮೇಲೆ ಹಾರಾಡಿದ. "ಮನಿ ಮಾನ ತಗದಿ! ಒಂದು ಸುಳ್ಳಿನ್ಯಾಗ ಏನ ಇತ್ತಬೇ? ಊರಿಗಿ ಊರ ಗೊಂಬಿ ಅಂತೈತಿ, ನಿನಗಷ್ಟ ಯಾಕ ಉರಿ?"

"ಆಕಿ ಮನಿಶ್ಯಾಳ ಅದಾಳ, ಅದಕ್ಕ ಉರಿ. ನೀವು ಒಂದ ರುಮಾಲಿನ ಆಸೆಕ್ಕ ಆಕಿನ ಗ್ವಾಡಿ ಹತ್ತಿಸಿದ್ರಿ. ಈಗ ಆಕಿ ಬಿದ್ದಽ ಇಲ್ಲ ಅಂತೀರಿ."

"ನಿನ್ನ ತವರಿಗಿ ನಾ ಇನ್ನ ಕಾಲ ಇಡಂಗಿಲ್ಲ," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಮನೆ ನಮ್ಮ ತವರುಮನೆಯ ಎದುರಿಗೇ ಇದೆ. ಇವತ್ತಿಗೂ ಕಾಲಿಟ್ಟಿಲ್ಲ. ಅವ್ವ ಹಬ್ಬಕ್ಕೆ ಹೋಳಿಗೆ ಕಳಿಸಿದರೆ ಡಬ್ಬಿ ತಿರುಗಿ ಬರುತ್ತದೆ, ಖಾಲಿಯಾಗಿ.

ತಂಗಿ ನನ್ನ ಪರವಾಗಿ ಇರುತ್ತಾಳೆ ಎಂದುಕೊಂಡಿದ್ದೆ. ಹಿತ್ತಲಿಗೆ ಹೋದರೆ, ಅವಳು ಆ ಉದ್ದ ತೋಳಿನ ಕುಪ್ಪಸ ಬಿಚ್ಚಿಟ್ಟು ತನ್ನ ಹಳೆಯ ಅಂಗಿ ತೊಟ್ಟು, ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿದ್ದಳು. ಎಡಗೈಗೆ ಹಿಂಡಲು ಆಗುವುದಿಲ್ಲ, ಮೊಣಕಾಲಿನ ನಡುವೆ ಇಟ್ಟುಕೊಂಡು ಬಲಗೈಯಿಂದ ತಿರುವುತ್ತಾಳೆ.

"ಕಾಕಾಗ ಚಲೋ ಶಾಸ್ತಿ ಮಾಡಿದೆ ನೋಡು," ಎಂದೆ.

"ನನ್ನ ಕೇಳಿದೇನಕ್ಕಾ?"

"ಏನ ಕೇಳೂದು?"

"ನನ್ನ ಕೈ ಬಗ್ಗೆ ಹೇಳಲ್ಯಾ ಅಂತ. ಅಂವ ಗೊಂಬಿ ಅಂತಾನ, ನೀ ಅಲ್ಲ ಅಂತಿ. ಎಲ್ಲಾರೂ ನಾ ಬಿದ್ದದ್ದರ ಬಗ್ಗೆನ ಮಾತಾಡ್ತೀರಿ. ಬೀಳೂಕಿಂತ ಮದಲ ಆ ತಾಲೀಮಿನ ಮನ್ಯಾಗ ಬಡಿಗಿ ಹಿಡದು ಮೂರ ಮಂದಿ ಜೋಡಿ ಆಡೀನಲ್ಲ, ಅದನ್ನ ನೋಡಿಯೇನು?"

"ನೋಡೀನಿ."

"ಹ್ಯಾಂಗ ಐತಿ?"

ನೋಡಿದ್ದೆ, ಆದರೆ ಗೋಡೆ ಬರುತ್ತದೆ ಎಂಬ ಸಂಕಟದಲ್ಲಿ ನೋಡಿದ್ದೆ.

"ಆ ಸಿನಿಮಾ ಕೆಟ್ಟೈತಿ, ನನಗೂ ಗೊತ್ತೈತಿ," ಎಂದಳು. "ಹೀರೋ ಸುಮಾರ, ಕಥಿ ಸುಮಾರ. ಆದ್ರ ಆ ಬಡಿಗಿ ಆಟ ಚಲೋ ಐತಿ. ಎಲ್ಲಿಯೂ ಕತ್ತರಸಿಲ್ಲ, ಒಂದ ಸಲಕ್ಕ ಆಡೀನಿ. ಇಡೀ ಸಿನಿಮಾದಾಗ ನೋಡೂವಂಥದ್ದು ಅದ. ಅದಕ್ಕ ಯಾರೂ ಚಲೋ ಅನ್ನಲಿಲ್ಲ, ಕೆಟ್ಟ ಅಂತನೂ ಅನ್ನಲಿಲ್ಲ. ಅದು ಕಂಡಽ ಇಲ್ಲ ಯಾರಿಗೂ." ಬಟ್ಟೆಯನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. ನನ್ನ ಮೇಲೆ ನೀರು ಸಿಡಿಯಿತು. ಬೇಕೆಂದೇ ಜಾಡಿಸಿದಳೆಂದು ಈಗಲೂ ಅನ್ನಿಸುತ್ತದೆ.

ಜತ್ತಕ್ಕೆ ತಿರುಗಿ ಬರುವಾಗ ಬಸ್ಸಿನಲ್ಲಿ ಫೋನು ತೆಗೆದು ನೋಡಿದೆ. ಹಾಳು ಬಿದ್ದ ತಾಲೀಮಿನ ಮನೆ, ಕೆಂಪು ಮಣ್ಣಿನ ಅಖಾಡ. ಮೂವರು ಗಂಡಸರು ಸುತ್ತುವರಿಯುತ್ತಾರೆ. ಅವಳ ಕೈಯಲ್ಲಿ ಒಂದು ಬಡಿಗೆ. ಕ್ಯಾಮೆರಾ ಅಲ್ಲಾಡದೆ ನಿಂತಿದೆ, ಯಾಕೆಂದರೆ ಅದನ್ನು ಅಲ್ಲಾಡಿಸುವ ಸಾಮಾನು ಅವರ ಹತ್ತಿರ ಇರಲಿಲ್ಲ. ಆ ಬಡಿಗೆ ಅವಳ ಹೆಗಲ ಮೇಲಿಂದ, ಸೊಂಟದ ಹಿಂದಿನಿಂದ, ಕಂಕುಳ ಕೆಳಗಿನಿಂದ ನೀರಿನಂತೆ ಹರಿಯಿತು. ಮೂವರಲ್ಲಿ ಒಬ್ಬ ಹೆಜ್ಜೆ ಮರೆತು ತಪ್ಪಾಗಿ ಮುಂದೆ ಬಂದ. ಅವಳು ಬಡಿಗೆಯನ್ನು ಅವನ ಕಿವಿಯ ಹತ್ತಿರ ಗಕ್ಕನೆ ನಿಲ್ಲಿಸಿ, ಅವನಿಗೆ ತಗಲದಂತೆ ತಿರುಗಿಸಿ, ಆಟವನ್ನು ಮುಂದುವರಿಸಿದಳು. ಅವನನ್ನು ಅವಳು ಉಳಿಸಿದ್ದಳು. ಯಾರೂ ಅವಳನ್ನು ಉಳಿಸಲಿಲ್ಲ. ಬಸ್ಸಿನಲ್ಲಿ ಕುಳಿತು ನನಗೆ ಅಳು ಬರಲಿಲ್ಲ, ಮತ್ತೆ ಸಿಟ್ಟೇ ಬಂತು. ಆ ಮಂಗಲ ಕಾರ್ಯಾಲಯದಲ್ಲಿ ಅಷ್ಟು ಜನ ಕುಳಿತಿದ್ದರಲ್ಲ, ಏನು ನೋಡಿದರು ಅವರು?

ವಿಜಯಪುರದ ಕಡೆಯವರು ಫೋನ್ ಮಾಡಿದರು. ಹುಡುಗಿ ಒಪ್ಪಿಗೆ, ಆದರೆ ತಮ್ಮ ಕಡೆಯ ಡಾಕ್ಟರಿಗೆ ಒಮ್ಮೆ ಪೂರ್ತಿ ತೋರಿಸಬೇಕು ಎಂದರಂತೆ. ತಂಗಿ ಬೇಡವೆಂದಳು. ಅವ್ವ ಅತ್ತಳು. ಆಗ ಅಪ್ಪ ಬಾಯಿ ಬಿಟ್ಟ. "ಆಕಿ ಬ್ಯಾಡ ಅಂದ ಮ್ಯಾಲೆ ಮುಗೀತು" ಎಂದ. ಅಷ್ಟೇ. ಭಾನುವಾರ ಅವಲಕ್ಕಿ ತಿನ್ನುವಾಗ ಆ ಬಾಯಿ ಎಲ್ಲಿತ್ತು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಅವಳು ಸರ್‌ರ ಕ್ಲಾಸು ಬಿಟ್ಟಳು. ಈಗ ಶೇಗಾಂವದಲ್ಲಿ ಒಂದು ಸಮಾಜ ಮಂದಿರದ ಪಡಸಾಲೆಯಲ್ಲಿ ತಾನೇ ಹುಡುಗಿಯರಿಗೆ ಕಲಿಸುತ್ತಾಳೆ. ಕೂಲಿಗೆ ಹೋಗುವವರ ಮನೆಯ ಹುಡುಗಿಯರೇ ಹೆಚ್ಚು. ಚಳಿಗಾಲದಲ್ಲಿ ಅವಳ ಕೈ ನೋಯುತ್ತದೆ.

ಹೋದ ವರ್ಷ ಸರ್ ಇನ್ನೊಂದು ಸಿನಿಮಾ ಶುರು ಮಾಡಿದರು. ಅವಳಿಗೇ ಫೋನ್ ಮಾಡಿ ಕರೆದರು. ಅವಳು ಮುಖದ ಮೇಲೆ ಫೋನ್ ಇಡುತ್ತಾಳೆಂದು ನಾನು ಕಾದೆ. ಅವಳು ಕೇಳಿದ್ದು ಎರಡೇ: ಎದುರಾಳಿ ಯಾರೆಂದು ತಾನು ಹೇಳಬೇಕು, ತನ್ನ ದನಿ ತನ್ನದೇ ಇರಬೇಕು. "ವಿಚಾರ ಮಾಡಿ ಹೇಳ್ತೇನಿ" ಎಂದರಂತೆ. ಆಮೇಲೆ ಅವಳು ಆ ಫೋನಿಗಾಗಿ ಕಾದಳು. ಊಟ ಮಾಡುವಾಗ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು. ಸರ್ ಮತ್ತೆ ಫೋನ್ ಮಾಡಲಿಲ್ಲ. ಮಿರಜದ ಕಡೆಯ ಇನ್ನೊಬ್ಬ ಹುಡುಗಿಯನ್ನು ಕರೆಸಿಕೊಂಡರು.

"ಹೋಗಾಕಿ ಇದ್ದೇನು ನೀ?" ಎಂದು ರೇಗಿದೆ.

"ಹೂಂ," ಎಂದಳು. "ನನಗ ಆಡೂದಂದ್ರ ಸೇರ್ತೈತಿ."

ಶೂಟಿಂಗು ಗುಡ್ಡಾಪುರದ ದಾರಿಯಲ್ಲಿ ಬಯಲೊಂದರಲ್ಲಿ ನಡೆದಿತ್ತು. ದಾನಮ್ಮನ ದರ್ಶನಕ್ಕೆ ಹೋದ ನಾವಿಬ್ಬರೂ ತಿರುಗಿ ಬರುವಾಗ ಅವಳೇ ಗಾಡಿ ನಿಲ್ಲಿಸಿದಳು, ನೋಡೋಣ ಎಂದು. ಬಿಸಿಲಲ್ಲಿ ಊರಿನ ಜನರ ನಡುವೆ ನಿಂತೆವು. ಹೊಸ ಹುಡುಗಿ ಕೆಂಪು ಬಟ್ಟೆ ತೊಟ್ಟು ಇಬ್ಬರನ್ನು ಒದೆಯುತ್ತಿದ್ದಳು. ಸರ್ ನಮ್ಮನ್ನು ನೋಡಿಯೂ ನೋಡದವರಂತೆ ಕ್ಯಾಮೆರಾದ ಹಿಂದೆ ಹೋದರು.

ತಂಗಿ ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಕಾಲು ಚಲೋ ಐತಿ ಆಕಿದು" ಎಂದಳು.

"ಏನೂ ಚಲೋ ಇಲ್ಲ," ಎಂದೆ.

"ನಿನಗ ತಿಳಿಯಂಗಿಲ್ಲ, ಸುಮ್ನಿರು," ಎಂದು ಅವಳು ಜನರನ್ನು ಸರಿಸಿಕೊಂಡು ಇನ್ನೂ ಮುಂದೆ ಹೋಗಿ ನಿಂತಳು.